ಒಂಬತ್ತನೇ ಲಾಕಿನ ಹಗ್ಗ

ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ, ಹೇಳ್ತೀನಿ. ನಮ್ಮ ಪಕ್ಕದ ದೋಣಿಯ ಮೇವಿಸ್‌ಗೆ ಆದದ್ದು. ಅವರಿವರು ಹೇಳಿದ್ದಲ್ಲ... ಅವಳ ಬಾಯಿಂದಲೇ ಕೇಳಿದ್ದು.

ನವೆಂಬರ್ ತಿಂಗಳು. ಬರ್ಮಿಂಗ್‌ಹ್ಯಾಮ್ ಊರೊಳಗಿನ ಕಾಲುವೆ. ಮೇವಿಸ್ ಮತ್ತು ಅವಳ ಗಂಡ ಲೆನ್‌ಗೆ ದೋಣಿಯೇ ಮನೆ. ಅವತ್ತು ಬೆಳಗ್ಗೆಯಿಂದ ಒಂದೂ ನೆಟ್ಟಗಾಗಲಿಲ್ಲ. ದೋಣಿಯ ತಳದಲ್ಲಿ ನೀರೊಳಗೆ ತಿರುಗುವ ಫ್ಯಾನಿಗೆ ಯಾರೋ ಬಿಸಾಕಿದ ಹಾಸಿಗೆ ಬಟ್ಟೆ ಸುತ್ತಿಕೊಂಡು, ಲೆನ್ ಭುಜದವರೆಗೂ ತಣ್ಣೀರಿಗೆ ಕೈ ಹಾಕಿ ಒಂದು ಗಂಟೆ ಕಿತ್ತ. ಸೇತುವೆ ಮೇಲಿನ ಪುಂಡರು, "ಏ ಅಜ್ಜೀ, ಈಜು ಬರ್ತದಾ?" ಅಂತ ಬಾಟಲಿ ಎಸೆದರು. ಒಂದು ಅವಳ ಕಿವಿ ಪಕ್ಕದಲ್ಲೇ ಫಳ್ಳನೆ ಒಡೀತು.

ಆ ಸಿಟ್ಟನ್ನ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ತೀರಿಸಿಕೊಂಡರು.

"ಈ ಹಾಳು ದಾರಿ ಹಿಡಿದಿದ್ದು ನೀನು."

"ಹಂಗಾದ್ರೆ ಇಳಿದು ಬಸ್ಸಲ್ಲಿ ಹೋಗು," ಅಂದ ಲೆನ್.

ಮುಂದೆ ಕಾಲುವೆ ತಗ್ಗಿಗೆ ಇಳಿಯುವ ಕಡೆ ಸಾಲಾಗಿ ಹದಿಮೂರು ಲಾಕು. ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿಗಳು. ತುಂಬಿದ ತೊಟ್ಟಿಗೆ ದೋಣಿ ನುಗ್ಗಿಸಿ, ಕೆಳಬಾಗಿಲ ಎರಡು ಕಿಂಡಿಯ ಹಲಗೆ ಎತ್ತಿ ನೀರು ಹೊರಗೆ ಬಿಡಬೇಕು. ನೀರಿನ ಜೊತೆ ದೋಣಿಯೂ ಇಳೀತದೆ. ಒಂಬತ್ತನೇದು ದೊಡ್ಡ ಕಟ್ಟಡವೊಂದರ ಹೊಟ್ಟೆಯಡಿ. ಇನ್ನೂ ಸಂಜೆ ನಾಲ್ಕೂವರೆ, ಆಗಲೇ ಗವ್ವೆನ್ನುವ ಕತ್ತಲು. ದೋಣಿ ಒಳಗೆ ಬಂದಮೇಲೆ ಲೆನ್ ದಡಕ್ಕೆ ಹತ್ತಿ ಲಾಕಿನ ಹಿಂದಿನ ಬಾಗಿಲು ಮುಚ್ಚಿದ.

"ಮುಂದಿನ ಲಾಕನ್ನ ತುಂಬಿಸಿ ಬರ್ತೀನಿ. ಕಾಯ್ತಿರು."

ಅವನ ಬೂಟಿನ ಸದ್ದು ಟಪ್... ಟಪ್... ದೂರವಾಯಿತು. ಮೇವಿಸ್ ಚುಕ್ಕಾಣಿ ಹಿಡಿದು ನಿಂತಳು. ಗೋಡೆಯಿಂದ ನೀರು ತೊಟ್... ತೊಟ್...

"ಒಬ್ಬಳೇನಾ?"

ಮೇಲಿನಿಂದ ಪಿಸುದನಿ. ಗಂಡ ವಾಪಸ್ ಬಂದ ಅಂದ್ಕೊಂಡಳು.

"ಇಲ್ಲ, ನಿಮ್ಮಪ್ಪನೂ ಇದಾನೆ. ಒಳಗೆ ಟೀ ಕುಡೀತಿದಾನೆ."

ಮೇಲಿದ್ದವನು ನಗಲಿಲ್ಲ.

"ಒಬ್ಬಳೇ," ಅಂತು ದನಿ.

ಕೆಳಬಾಗಿಲ ಹತ್ತಿರ ಕಬ್ಬಿಣದ ಹಲ್ಲು ಕಚ್ಚುವ ಸದ್ದು. ಟಕ್... ಟಕ್... ಟಕ್. ಯಾರೋ ಬೆನ್ನು ತಿರುಗಿಸಿ ನಿಂತು ಕಿಂಡಿ ಎತ್ತುವ ಹಿಡಿಕೆ ತಿರುಗಿಸ್ತಿದ್ದ. ತೊಟ್ಟಿಯ ನೀರು ಭೊರ್ರನೆ ಹೊರಗೆ ನುಗ್ಗಿತು. ದೋಣಿ ಒಂದು ಮೊಳ ಇಳಿದು... ನಿಂತುಬಿಟ್ಟಿತು. ನೀರು ಮಾತ್ರ ಇಳೀತಾನೇ ಇತ್ತು.

ಕತ್ತೆತ್ತಿ ನೋಡ್ತಾಳೆ, ಒಂದು ತುದಿ ದೋಣಿಗೇ ಕಟ್ಟಿ ಚಾವಣಿ ಮೇಲೆ ಸುತ್ತಿಟ್ಟಿದ್ದ ಹಗ್ಗ ಈಗ ದಡದ ಗೂಟಕ್ಕೆ ಬಿಗಿದಿದೆ! ಕಿರ್ರ್... ಅಂತಿದೆ. ದೋಣಿ ಒಂದು ಕಡೆಗೆ ವಾಲಿತು. ಒಳಗೆ ತಟ್ಟೆಗಳು ಜಾರಿ ಚೂರಾದವು.

"ಲೆನ್! ಕಿಂಡಿ ಮುಚ್ಚೋ! ಕೊಲ್ತೀಯೇನೋ ನನ್ನ?"

ಅವನು ತಿರುಗಲಿಲ್ಲ. ಟಕ್.

ಕಟ್ಟಿಕೊಂಡ ಗಂಡನೇ ನನ್ನ ಮುಳುಗಿಸ್ತಿದಾನೆ ಅನ್ನಿಸಿತಂತೆ. ಸಾಯೋ ಭಯಕ್ಕಿಂತ ಅದಕ್ಕೇ ಎದೆ ಒಡೀತು ಅಂತಾಳೆ.

ವಾಲಿದ ನೆಲದ ಮೇಲೆ ತೆವಳಿ ಒಳಗೆ ಹೋದಳು. ಬ್ರೆಡ್ಡು ಕೊಯ್ಯುವ ಚಾಕು ಸಿಕ್ಕಿತು. ಚಾವಣಿ ಹತ್ತಿ, ಹೊಟ್ಟೆ ಮೇಲೆ ಮಲಗಿ ಹಗ್ಗ ಕೊಯ್ದಳು... ಕೊಯ್ದಳು... ಫಟ್! ದೋಣಿ ದಢಾರನೆ ನೀರಿಗೆ ಬಿತ್ತು. ತೂಗಾಡಿತು. ನಿಂತಿತು.

ಆಗ ದೂರದಿಂದ ಬೂಟಿನ ಸದ್ದು. ಲೆನ್ ಟಾರ್ಚು ಹಿಡಿದು ಓಡಿ ಬಂದ.

"ಏನೇ ಅದು ಸದ್ದು? ನೀರು ಬಿಟ್ಟವರ್ಯಾರು?"

"ನೀನಲ್ವಾ?" ಅಂದಳು ಮೇವಿಸ್.

"ನಾನು ಆ ಲಾಕಲ್ಲೇ ಇದ್ದೆ ಕಣೇ!"

ಟಾರ್ಚು ಬಿಟ್ಟು ನೋಡಿದರು. ಒಂದು ನರಪಿಳ್ಳೆಯಿಲ್ಲ. ಕೆಳಬಾಗಿಲ ಕಿಂಡಿ ಎರಡೂ ಮುಚ್ಚಿದ್ದವು. ಲೆನ್ ದೋಣಿಗೆ ಇಳಿದು ಬಂದ. ಮೇವಿಸ್ ಅವನ ಕೋಟು ಹಿಡ್ಕೊಂಡು ಅತ್ತಳು, ಅವನು ಅವಳನ್ನ ತಬ್ಬಿಕೊಂಡ.

ಗೂಟದಲ್ಲಿ ಉಳಿದಿದ್ದ ಹಗ್ಗದ ತುಂಡನ್ನ ಲೆನ್ ಬಿಚ್ಚಲು ಹೋದರೆ ಆಗಲಿಲ್ಲ. ಮೂವತ್ತು ವರ್ಷ ದೋಣಿಗೆ ಹಗ್ಗ ಕಟ್ಟಿದ ಕೈ ಅವನದು, ಆ ಗಂಟಿನ ತಲೆಬುಡ ತಿಳೀಲಿಲ್ಲ. ಕುಣಿಕೆ ಸಮೇತ ಎತ್ತಿ ತಂದ.

ಇದಾಗಿ ಆರು ವರ್ಷ. ತುಂಡು ಅವರ ಒಲೆ ಪಕ್ಕ ಮೊಳೆಗೆ ನೇತಾಡ್ತಿದೆ. ಮೊನ್ನೆ ನಾನೇ ಮುಟ್ಟಿದೆ. ಹಗ್ಗ ಒಣಗಿ ಗರಿಗರಿ ಆಗಿದೆ. ಗಂಟು ಇನ್ನೂ ಒದ್ದೆ... ನಂಬದಿದ್ರೆ ನಾಳೆ ಬನ್ನಿ, ನೀವೇ ಹಿಂಡಿ ನೋಡಿ.