ಹದ್ದಿನ ಕಣ್ಣಿನ ಅತ್ತಿಗೆ

ನಗಬೇಡ ಕಣೆ! ಬಿದ್ದಿರೋದು ನಾನೊಬ್ಬಳೇ ಅಲ್ಲ, ನೀನೂ ಸೇರಿ. ಏಳು ಮೇಲೆ. ಕೈ ಕೊಡು… ಆ ಕೈಯಲ್ಲ, ಕೆಸರಾಗಿರೋದು ಬೇಡ, ಇನ್ನೊಂದು. ಹಾಂ! ಮೂಳೆಗಳೆಲ್ಲ ಇದ್ದಲ್ಲೇ ಇವೆಯಾ? ನನ್ನವೂ ಇವೆ. ಸೈಕಲ್ಲೂ ನೆಟ್ಟಗಿದೆ. ನಾವು ಗುದ್ದಿದ ಗೂಟ ಮಾತ್ರ ಸ್ವಲ್ಪ ವಾಲಿದೆ. ಅದು ಮೊದಲೇ ವಾಲಿತ್ತು ಅನ್ಕೋ.

ಅಲ್ಲ, ನೆಟ್ಟಿರೋದಾದ್ರೂ ಎಲ್ಲಿ ನೋಡು! ಇಂಥಾ ಚೆಂದದ ದಾರಿ… ಈ ಕಡೆ ನದಿ, ಆ ಕಡೆ ಕಾಡು, ಕಾರಿಲ್ಲ, ಲಾರಿಯಿಲ್ಲ, ಎರಡು ದಿನದಿಂದ ಒಂದು ಹಾರ್ನ್ ಕಿವಿಗೆ ಬಿದ್ದಿಲ್ಲ… ಅದಕ್ಕೆ ಸರಿಯಾಗಿ ಮಧ್ಯದಲ್ಲಿ ಗೂಟ! ಯಾಕೆ ಅಂದ್ರೆ, ಗಾಡಿಗಳು ಒಳಗೆ ಬರಬಾರದಂತೆ. ಸರಿಯಪ್ಪ, ಗಾಡಿ ಬರಲ್ಲ. ಸೈಕಲ್ಲಲ್ಲಿ ಬರೋರ ಹಲ್ಲು ಉದುರಿದ್ರೆ? … ಏನು ಹಾಗೆ ನೋಡ್ತೀಯ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ ತಾನೇ ಮನಸ್ಸಲ್ಲಿ? ಅಂದುಬಿಡು. ನಾದಿನಿಯಾಗಿ ಹುಟ್ಟಿದ ಮೇಲೆ ಅತ್ತಿಗೆಗೆ ಅಷ್ಟೂ ಅನ್ನದಿದ್ರೆ ಹೇಗೆ!

ಇಪ್ಪತ್ತಾರು ವರ್ಷ ಶಾಲೆ ಬಸ್ಸು ಓಡಿಸಿದೀನಿ ನಾನು. ಒಂದು ಕೋಳಿಗೂ ಗುದ್ದಿಲ್ಲ. … ಗೊತ್ತು, ಬೆಳಗಿನ ಬಾತುಕೋಳಿ ವಿಷಯ ಎತ್ತಬೇಡ. ಗುದ್ದಿಲ್ಲ ಅದಕ್ಕೆ. ಅದೇ ಹಾರಿಹೋಯ್ತು. ನಾಲ್ಕು ಪುಕ್ಕ ಬಿತ್ತು, ಅಷ್ಟೇ.

ಹತ್ತು, ಹತ್ತು. … ಎಲ್ಲಿಗೆ ಹೊರಟೆ? ಮುಂದಿನ ಸೀಟಿಗಾ? ಅಯ್ಯೋ ಪಾಪ! ಈ ಎರಡು ಸೀಟಿನ ಸೈಕಲ್ ಬಾಡಿಗೆಗೆ ಕೊಟ್ಟವನು ಕೇಳಲಿಲ್ವಾ, ‘ಮುಂದೆ ಯಾರು, ಹಿಂದೆ ಯಾರು’ ಅಂತ? ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲ ಮುಂದಿರೋರ ಕೈಲಿ, ಹಿಂದಿರೋರದು ಬರೀ ತುಳಿಯೋ ಕೆಲಸ ಅಂದ. ಇಲ್ಲಿ ಡ್ರೈವರ್ ಯಾರು? ನೀನು ಕ್ಲಿನಿಕ್ಕಿನ ಕತ್ತಲೆ ಕೋಣೇಲಿ ಕೂತು, ಊರಿನ ಡ್ರೈವರುಗಳ ಕಣ್ಣಿಗೆಲ್ಲ ಟಾರ್ಚ್ ಬಿಟ್ಟು ಸರ್ಟಿಫಿಕೇಟ್ ಕೊಡೋಳು. ಕೊಡ್ತಾ ಇರು. ಓಡಿಸೋದು ನಮಗೆ ಬಿಡು. ಹಿಂದೆ ಕೂತ್ಕೋ ತಾಯಿ.

ಒಂದು, ಎರಡು… ತುಳಿ!

ನೋಡು, ಎಷ್ಟು ಸಲೀಸು! ಹಿಂದೆ ರೈಲು ಹೋಗ್ತಿದ್ದ ಜಾಗ ಕಣೆ ಇದು, ಹಳಿ ಕಿತ್ತು ಸೈಕಲ್ ದಾರಿ ಮಾಡಿದಾರೆ. ಅದಕ್ಕೇ ಗುಡ್ಡ ಹತ್ತಿದ್ದೇ ಗೊತ್ತಾಗಲ್ಲ. ರೈಲಿಗೂ ನಮ್ಮ ಹಾಗೇ ಮಂಡಿನೋವು, ಕಡಿದಾದ ಏರು ಆಗ್ತಿರಲಿಲ್ಲ ಪಾಪ. ನಿಮ್ಮಣ್ಣ ಏನಂದ್ರು ಗೊತ್ತಾ ಹೊರಡೋವಾಗ? ‘ಐವತ್ತು ದಾಟಿದ ಇಬ್ಬರು ಹೆಂಗಸರು, ಒಂದು ಸೈಕಲ್ಲು, ಮೂರು ದಿನ! ಮೊದಲು ಮುರಿಯೋದು ಯಾವುದು ಅಂತ ಫೋನ್ ಮಾಡಿ ಹೇಳಿ’ ಅಂತ. ಸೋಫಾದಿಂದ ಏಳೋಕೆ ಎರಡು ಸಲ ದೇವರನ್ನ ಕರೆಯೋ ಮನುಷ್ಯ, ಬಾಯಿ ನೋಡು ಅವರದ್ದು!

ಯಾಕೆ, ನಗು ಬರಲಿಲ್ವಾ? ನಿಮ್ಮಣ್ಣನ್ನ ಬೈದ್ರೆ ಯಾವಾಗ್ಲೂ ನೀನೇ ಮೊದಲು ನಗ್ತಿದ್ದೆ… ನಿನ್ನೆ ಕಾಡಿನ ಇಳಿಜಾರಲ್ಲಿ ನೀನು ಕಿರುಚಿದ್ದಕ್ಕೆ ಹಕ್ಕಿಗಳೆಲ್ಲ ಊರು ಬಿಟ್ಟವು. ಇವತ್ತು ಒಂದು ಗೂಟ ತಾಗಿದ್ದಕ್ಕೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ.

ಓಹೋ, ಸುರಂಗ ಬಂತು! ಲೈಟ್ ಹಾಕ್ತೀನಿ ತಡಿ… ಅಬ್ಬಾ, ತಣ್ಣಗಿದೆ. ಏನೂ ಕಾಣಲ್ಲ, ಅಲ್ವಾ? ಇಲ್ಲಿ ನಾವಿಬ್ಬರೂ ಸಮ! … ಹಾಗಂದ್ರೆ? ಹಾಗಂದ್ರೆ ಏನೂ ಇಲ್ಲ. ಸುಮ್ನೆ ಅಂದೆ. ತುಳಿ ನೀನು.

ಹೂಂ, ಬೆಳಕು ಬಂತು. ಈಗ ಗೊತ್ತಾಯ್ತು ನಿನ್ನ ಯೋಚನೆ. ಸೋಮವಾರದ್ದು ತಾನೇ? ನಾನಾಗೇ ಹೇಳ್ಬಿಡ್ತೀನಿ ಕೇಳು. ಸೋಮವಾರ ಕಣ್ಣು ಪರೀಕ್ಷೆಗೆ ನಾನು ನಿನ್ನ ಮುಂದೆ ಕೂರಬೇಕು, ನೀನು ಸೈನ್ ಹಾಕಿದ್ರೇನೇ ನಂಗೆ ಇನ್ನೊಂದು ವರ್ಷ ಬಸ್ಸು. ಅದಕ್ಕೂ ಈ ಸವಾರಿಗೂ ಏನೇನೂ ಸಂಬಂಧ ಇಲ್ಲ! ನಿಂಗೆ ಬೆಣ್ಣೆ ಹಚ್ಚೋಕೆ ಕರ್ಕೊಂಡು ಬಂದಿದ್ದಲ್ಲ. … ನೀನು ಕೇಳಲೇ ಇಲ್ಲ, ನಿಜ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಾ? ಆಗ್ಲಿ ಬಿಡು.

ಏಯ್! ಯಾಕೆ ನಿಲ್ಲಿಸಿದೆ? ಇಬ್ಬರ ಪೆಡಲಿಗೂ ಸೇರಿಸಿ ಚೈನು ಕಟ್ಟಿದಾರೆ ಮಹಾತಾಯಿ, ನೀನು ಕಾಲು ಬಿಗಿ ಹಿಡಿದ್ರೆ ನಂದೂ ನಿಲ್ಲುತ್ತೆ. … ಎಡಭುಜ ಯಾಕೆ ತಿವೀತೀಯ? ಏನಿದೆ ಅಲ್ಲಿ? … ಓ. ನಮಸ್ಕಾರ ಅಜ್ಜಾ! ಗಾಳಿ ಚೆನ್ನಾಗಿದೆ ಅಲ್ವಾ! … ಬೈದ್ರಾ? ಬೈಲಿ ಬಿಡು, ಹಿರಿಯರು. ಕಂಡಿದ್ರು ಕಣೆ ನಂಗೆ. ಅವರೇ ಸರಿಯಬಹುದು ಅಂತ ಹೋಗ್ತಿದ್ದೆ. … ನಾಯಿನಾ? ಆ ಹಗ್ಗದ ತುದೀಲಿದ್ದಿದ್ದು ನಾಯಿನಾ? ಅಷ್ಟು ಸಣ್ಣದನ್ನ ಯಾರಾದ್ರೂ ನಾಯಿ ಅಂತಾರಾ!

ಸರಿ, ಸರಿ, ಇಳಿಯೋಣ. ಸೇತುವೆ ಮೇಲೆ ಸ್ವಲ್ಪ ಕೂತು ಹೋಗೋಣ. ಸೈಕಲ್ ಆ ಕಂಬಿಗೆ ಒರಗಿಸು. ನೀರು ಕುಡಿ. ಕೆಳಗೆ ನದಿ ನೋಡು, ಎಷ್ಟು ನಿಧಾನ… ಅದನ್ನ ನೋಡು ಅಂದೆ. ನನ್ನ ಮುಖದಲ್ಲೇನಿದೆ?

ಅನುಮಾನಾನಾ? ನಿಂಗೇ? ಹೋದ ವರ್ಷ ನೀನೇ ತಾನೇ ಪರೀಕ್ಷೆ ಮಾಡಿದ್ದು! ಬಲಗಣ್ಣು ಮುಚ್ಚಿಸಿ ಎಡಗಣ್ಣಲ್ಲಿ ಓದಿಸಿದೆ. ಬೋರ್ಡಿನ ಕೊನೆಯ ಸಾಲು, ಇರುವೆ ಹರಿದ ಹಾಗಿರುತ್ತಲ್ಲ, ಅದನ್ನ ಒಂದೇ ಉಸಿರಲ್ಲಿ ಓದಿದೆ ನಾನು. ‘ಬ, ಲ, ಟ, ನ, ಜ, ಗ, ರ, ಪ.’ ‘ಅತ್ತಿಗೆ, ನಿಮ್ಮದು ಹದ್ದಿನ ಕಣ್ಣು’ ಅಂದೆ ನೀನು. ನೀನೇ ಅಂದಿದ್ದು!

… ಏನು?

ತಪ್ಪು ಹೇಳಿದ್ನಾ? ಒಂದಕ್ಷರಾನೂ ತಪ್ಪಿಲ್ಲ. ಈಗಲೂ ಕಣ್ಣು ಮುಚ್ಕೊಂಡು ಹೇಳ್ತೀನಿ. ಬ, ಲ, ಟ…

ಓ.

ಹೌದಲ್ವಾ. ವರ್ಷದ ಹಿಂದೆ ಒಂದು ಸಲ ಓದಿದ್ದು… ಯಾರಿಗೆ ನೆನಪಿರುತ್ತೆ. … ನನ್ನ ಜ್ಞಾಪಕಶಕ್ತಿ ಒಳ್ಳೇದು ಕಣೆ! … ನಿಮ್ಮಣ್ಣನ ಹುಟ್ಟಿದ ದಿನ ಪ್ರತಿ ವರ್ಷ ಮರೀತೀನಿ, ಅದೂ ನಿಂಗೆ ಗೊತ್ತು.

ಸರಿ. ಬಾಯಿಪಾಠ. ಸಾಕಾ? ಹೋದ ವರ್ಷ ಒಂದು ವಾರ ಊಟದ ಡಬ್ಬಿ ತಂದ್ಕೊಡ್ತಿದ್ನಲ್ಲ ಕ್ಲಿನಿಕ್ಕಿಗೆ? ‘ನಮ್ಮತ್ತಿಗೆಗೆ ನಾನಂದ್ರೆ ಎಷ್ಟು ಪ್ರೀತಿ’ ಅಂತ ಅಲ್ಲಿದ್ದೋರಿಗೆಲ್ಲ ಹೇಳ್ಕೊಂಡು ಬಂದೆ ನೀನು… ನೀನು ಕೈ ತೊಳೆಯೋಕೆ ಹೋದಾಗ ನಾನು ಬೋರ್ಡಿಗೆ ಮೂಗು ತಾಗಿಸ್ಕೊಂಡು ನಿಂತಿರ್ತಿದ್ದೆ. ದಿನಕ್ಕೊಂದು ಸಾಲು. ಪ್ರೀತಿ ಇರಲಿಲ್ಲ ಅಂತಲ್ಲ! ಪ್ರೀತಿನೂ ಇತ್ತು. ಜೊತೆಗೆ ಇದೂ ಇತ್ತು.

ಬೈಯಿ. ಬೈಯೇ! ‘ಸೈನ್ ಹಾಕಿದ್ದು ನಾನು ಅತ್ತಿಗೆ, ಹೋಗೋದು ನನ್ನ ಹೆಸರು’ ಅನ್ನು. ಏನಾದ್ರೂ ಅನ್ನು.

ದೊಡ್ಡದೇನಿಲ್ಲ ಕಣೆ. ಎಡಗಣ್ಣಲ್ಲಿ ಸ್ವಲ್ಪ ಮಬ್ಬು. ಬೂದಿ ಮೆತ್ತಿದ ಗಾಜಿನ ಹಾಗೆ. ಬಲಗಣ್ಣು ಇದೆಯಲ್ಲ! ರಸ್ತೆ ನನ್ನ ಕೈಗೇ ಗೊತ್ತು, ಕಣ್ಣು ಯಾಕೆ ಬೇಕು? ಇನ್ನೆರಡು ವರ್ಷ ರಿಟೈರ್ ಆಗೋಕೆ. ಎರಡೇ. ಬಸ್ಸು ಬಿಟ್ರೆ ನಾನೇನು ಹೇಳು? ನಿಮ್ಮಣ್ಣನ ಪಕ್ಕದಲ್ಲಿ ಇನ್ನೊಂದು ದಿಂಬು. ಬಸ್ಸಲ್ಲಿ ಮೂವತ್ತೆರಡು ಮಕ್ಕಳು ‘ಡ್ರೈವರ್ ಆಂಟೀ’ ಅಂತ ಕೂಗ್ತಾ ಹತ್ತುತಾವೆ. ಆ ಕೂಗು ಕೇಳದೆ ಇರೋಕೆ ಭಯ ಆಗುತ್ತೆ ಕಣೆ ನಂಗೆ. ನಿಜವಾಗ್ಲೂ ಭಯ. ಒಂದು ಸೈನು. ಈ ವರ್ಷ ಒಂದು, ಬರೋ ವರ್ಷ ಒಂದು…

… ನೀನು ಸುಮ್ನಿದ್ರೆ ನಂಗೆ ತಡೆಯೋಕಾಗಲ್ಲ ಅಂತ ಗೊತ್ತಿದ್ದೇ ಹೀಗೆ ಮಾಡ್ತಿದ್ದೀಯ.

ನಗೋ ವಿಷಯ ಒಂದು ಹೇಳ್ತೀನಿ, ಕೇಳು. ಹೋದ ತಿಂಗಳು, ಕೊನೆಯ ಸ್ಟಾಪು. ಒಂದನೇ ಕ್ಲಾಸಿನ ಪುಟಾಣಿ, ಎರಡು ಜಡೆ, ಬೆನ್ನಿಗಿಂತ ದೊಡ್ಡ ಬ್ಯಾಗು. ಇಳಿದ್ಲು. ಎಡಗಡೆ ಕನ್ನಡಿ ನೋಡಿದೆ, ಗೇರ್ ಹಾಕಿದೆ, ಎಡಕ್ಕೆ ತಿರುಗಿಸಿದೆ. ಮಕ್ಕಳನ್ನ ಇಳಿಸೋ ಆಯಾ ಕಿರುಚಿದ್ಲು ನೋಡು, ಹಾವು ತುಳಿದೋಳ ಹಾಗೆ! ಬ್ರೇಕ್ ಹಾಕಿದೆ. ಪುಟಾಣಿ ಹಿಂದಕ್ಕೆ ಹಾರಿದ್ಲಂತೆ, ಕೈಲಿದ್ದ ನೀರಿನ ಬಾಟಲಿ ಚಕ್ರದ ಅಡಿಗೆ ಬಿದ್ದು ಅಪ್ಪಚ್ಚಿ. ಆ ಮಗು ಅತ್ತಿದ್ದು ಬಾಟಲಿಗೆ ಕಣೆ! ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಮಗು ಬಗ್ಗಿತ್ತು, ಬಗ್ಗಿದ ಮಗು ಯಾರ ಕನ್ನಡೀಲೂ ಕಾಣಲ್ಲ’ ಅಂದೆ. ಮಾರನೇ ದಿನ ಹೊಸ ಬಾಟಲಿ ತಂದುಕೊಟ್ಟೆ. ಮುಗೀತು ಕಥೆ.

… ಮುಗೀತು ಅಂದ್ನಲ್ಲ.

… ಯಾಕೇ ಹಾಗೆ ನೋಡ್ತಿದ್ದೀಯ?

ಬಗ್ಗಿರಲಿಲ್ಲ.

ನೆಟ್ಟಗೇ ನಿಂತಿದ್ಲು. ಕನ್ನಡಿಯ ಎದುರಿಗೇ. ಬಾಟಲಿ ಕೊಡೋವಾಗ ಅವಳೇ ಕೇಳಿದ್ಲು ಕಣೆ ನನ್ನ… ‘ಆಂಟಿ, ನಾನು ಅಷ್ಟು ಹೊತ್ತು ಟಾಟಾ ಮಾಡಿದೆ. ನೀವು ನನ್ನೇ ನೋಡ್ತಿದ್ರಿ. ಯಾಕೆ ಮಾಡಲಿಲ್ಲ?’