ಚಮಕಾ ಎಂದು ಕೈಗಿಟ್ಟ ಎಳೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ನಿಂಗಣ್ಣನವರೇ, ಮುಧೋಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಮುಖ್ಯ ಅತಿಥಿಗಳೇ, ನಮ್ಮ ಬನಹಟ್ಟಿಯ ನೇಕಾರ ಯುವಕ ಮಂಡಳದ ಪದಾಧಿಕಾರಿಗಳೇ, ತಾಯಂದಿರೇ, ಊಟದ ಪರಿಮಳಕ್ಕೆ ಆಗಲೇ ಅರ್ಧ ಎದ್ದು ಕುಳಿತಿರುವ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಮಾಡಿ, ದಿನವೂ ಇಷ್ಟಿಷ್ಟೇ ದುಡಿದು ಬದುಕನ್ನು ಹಸನು ಮಾಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಎರಡು ಮಾತು ಹೇಳಿ ಎಂದಿದ್ದೀರಿ. ಲಕ್ವಾ ಹೊಡೆದು ಬಿದ್ದ ಬಲಗೈಯನ್ನು ಛಲದಿಂದ ಎಬ್ಬಿಸಿದ ಸಾಧಕ ಶಿದ್ರಾಮಪ್ಪನವರು ಎಂದು ಈಗಷ್ಟೇ ಪರಿಚಯ ಮಾಡಿಕೊಟ್ಟರು. ಕೇಳಲು ಬಹಳ ಹಿತವಾಗಿತ್ತು. ನನ್ನ ಹೆಂಡತಿ ದಾನಮ್ಮ ಇಲ್ಲಿಗೆ ಬಾರದಿದ್ದದ್ದು ಒಳ್ಳೆಯದೇ ಆಯಿತು. ಬಂದಿದ್ದರೆ ನಕ್ಕುಬಿಡುತ್ತಿದ್ದಳು.

ನನ್ನ ಛಲ ಎಂಥದ್ದು? ಈ ಊರಿನ ಬೆಳಗಿನ ವಾಕಿಂಗ್ ಬಳಗ ಕಟ್ಟಿದವನು ನಾನು. ಅದು ಇಂದಿಗೂ ಬಹಳ ಚೆನ್ನಾಗಿ ನಡೆಯುತ್ತಿದೆ, ನನ್ನನ್ನು ಬಿಟ್ಟು. ಶಿಸ್ತಿನ ಬಗ್ಗೆ ಚಹಾದಂಗಡಿಯಲ್ಲಿ ನಾನು ಮಾಡಿದಷ್ಟು ಭಾಷಣ ಯಾರು ಮಾಡಿದ್ದಾರೆ? ಇನ್ನು ಹೆಮ್ಮೆಯ ಮಾತು. ನೇಕಾರರ ಸಂಘದಲ್ಲಿ ನೂಲು ಪರೀಕ್ಷೆ ಮಾಡುವ ಕೆಲಸ ನನ್ನದಾಗಿತ್ತು. ಕಣ್ಣು ಕಟ್ಟಿ ಕೈಗೆ ಎಳೆ ಕೊಡಿ, ರೇಷ್ಮೆಯೋ ಅರಳೆಯೋ, ರೇಷ್ಮೆಯಂತೆಯೇ ಹೊಳೆಯುವ ಚಮಕಾ ಎಂಬ ಅಗ್ಗದ ನೂಲೋ, ಎಡಗೈಗೆ ಬಾರದ ವಿದ್ಯೆ ಅದು, ಬಲಗೈ ಬೆರಳಲ್ಲೇ ಹೇಳುತ್ತಿದ್ದೆ. ಆ ಬೆರಳು ಒಂದು ಬೆಳಿಗ್ಗೆ ಚಹಾದ ಕಪ್ಪು ಹಿಡಿಯದೆ ಹೋಯಿತು. ಬಿಸಿ ಚಹಾ ಕೈಮೇಲೆ ಚೆಲ್ಲಿದರೂ ನನಗೆ ಗೊತ್ತಾಗಲಿಲ್ಲ.

ಡಾಕ್ಟರು ದಿನವೂ ಹಿಚುಕಿ ಎಂದು ಒಂದು ರಬ್ಬರ್ ಚೆಂಡು ಕೊಟ್ಟರು. ನೂಲು ಹಿಡಿದ ಕೈಯಲ್ಲಿ ಮಕ್ಕಳ ಚೆಂಡು ಹಿಡಿಯುವುದೇ? ಸೋಮವಾರದಿಂದ ಶುರು ಮಾಡುತ್ತೇನೆ ಎಂದೆ. ಯಾವ ಸೋಮವಾರ ಎಂದು ಹೇಳಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಜಕ್ಕಪ್ಪನ ಮುಧೋಳ ನಾಯಿ ಆ ಚೆಂಡನ್ನು ಕಚ್ಚಿಕೊಂಡು ಹೋಯಿತು. ವ್ಯಾಯಾಮವನ್ನು ನನಗಿಂತ ನಿಷ್ಠೆಯಿಂದ ಅದೇ ಮಾಡಿತು ಎನ್ನಬೇಕು.

ನಗಬೇಡಿ, ಆಗ ಮಗಳು ಸಂಧ್ಯಾಳ ಮದುವೆ ಗೊತ್ತಾಗಿತ್ತು. ಜಮಖಂಡಿಯ ಬೀಗರು. ಪಂಕ್ತಿಯಲ್ಲಿ ಅವರ ಎದುರು ಕುಳಿತು ಎಡಗೈಯಲ್ಲಿ ಉಣ್ಣಲೇ? ಮೆತ್ತನೆಯ ರೊಟ್ಟಿಯನ್ನು ಒಂದೇ ಕೈಯಲ್ಲಿ ಹರಿಯಲು ಬೆರಳಿಗೆ ಎಷ್ಟು ಕಸುವು ಬೇಕೆಂದು ಕೈ ಇದ್ದವರಿಗೆ ಗೊತ್ತಿರುವುದಿಲ್ಲ. ನಾನು ಮದುವೆಗೆ ಬರುವುದಿಲ್ಲ ಎಂದುಬಿಟ್ಟೆ. ಸಂಧ್ಯಾ ಎದುರಿಗೆ ಬಂದು ನಿಂತಳು. “ಅಪ್ಪಾ, ನಿನ್ನ ಬಲಗೈಯಿಂದ ನನ್ನ ತಲಿ ಮ್ಯಾಲೆ ಅಕ್ಕಿಕಾಳು ಬಿದ್ರ ನಾ ಮದವಿ ಆಗಾಕಿ. ಇಲ್ಲಂದ್ರ ಇಲ್ಲ” ಎಂದಳು. ಹಟದಲ್ಲಿ ಅವಳು ನನ್ನ ಮಗಳೇ.

ಮರುದಿನ ದಾನಮ್ಮ ನನ್ನನ್ನು ತನ್ನ ಕೈಮಗ್ಗದ ಮುಂದೆ ಕೂಡಿಸಿದಳು. ಸಭಿಕರಲ್ಲಿ ಪರವೂರಿನವರಿದ್ದಾರೆ, ಅವರಿಗಾಗಿ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಮುಗಿದಾಗ ಅದರ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡನ್ನೂ ಹೊಸೆಯುವುದು. ಇದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ, ಗಂಟು ಹಾಕುವಂತಿಲ್ಲ.

“ಇದು ಉಳದಿದ್ದ ಹಳೆ ಚಮಕಾ ಐತ್ರಿ. ಹರದ್ರ ಹರೀಲಿ. ಇವತ್ತ ನಾಕ ಎಳಿ ಕೆಚ್ಚ್ರಿ, ಸಾಕು” ಎಂದಳು.

“ಆಮ್ಯಾಲೆ ಏನ ಮಾಡಾಕಿ ಇದನ್ನ?”

“ಕತ್ತರಿಸಿ ಒಗದ್ರಾತು.”

ಒಗೆಯುವ ನೂಲೆಂದ ಮೇಲೆ ಭಯವೇನು? ಕುಳಿತೆ. ಕಣ್ಣಿಗೆ ಎಳೆ ಹೊಳೆಯುತ್ತಿತ್ತು, ಬೆರಳಿಗೆ ಅದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹರಿದೆ, ಬೈದೆ, ಬೂದಿ ಚೆಲ್ಲಿದೆ. ನಾಕು ಎಳೆ ಮುಗಿಸಿದ ಮೇಲೆ ದೊಡ್ಡ ಗುಡ್ಡ ಕಡಿದವನಂತೆ ಮಂಚ ಹತ್ತಿದೆ. ಮರುದಿನವೂ ಅದೇ ಮಾತು, “ನಾಕ ಎಳಿ ಸಾಕ್ರಿ.” ನಾನು ಹೋಗುತ್ತಿದ್ದದ್ದು ಛಲದಿಂದಲ್ಲ ಸ್ವಾಮಿ, ಸಿಟ್ಟಿನಿಂದ. ಹಿಂದಿನ ದಿನ ನಾನೇ ಕೆಚ್ಚಿದ ಎಳೆ ಬಿಚ್ಚಿಕೊಂಡಿರುತ್ತಿತ್ತು. ನೂಲು ಪರೀಕ್ಷಕ ಶಿದ್ರಾಮಪ್ಪನ ಎಳೆ ಬಿಚ್ಚುವುದೆಂದರೇನು? ಯಾರಾದರೂ ನೋಡಿದರೆ? ಹೀಗೆ ಬೇಸಿಗೆ ಕಳೆಯಿತು. ನಾಕು ಎಳೆ ಒಂದು ಹಿಡಿಯಾಯಿತು, ಹಿಡಿ ಎರಡಾಯಿತು. ಆ ಸೀಸನ್ನಿನಲ್ಲಿ ದಾನಮ್ಮನ ಮಗ್ಗ ಒಂದು ಸೀರೆಯನ್ನೂ ನೇಯಲಿಲ್ಲ ಎಂಬುದನ್ನು ನಾನು ಗಮನಿಸಲಿಲ್ಲ. ಚಹಾದಂಗಡಿಯಲ್ಲಿ ಮಾತ್ರ ನನ್ನ ಶಿಸ್ತನ್ನು ವರ್ಣಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಎಳೆ ಹೊಸೆಯುತ್ತಿದ್ದೆ. ಹೆಬ್ಬೆರಳಿನಡಿ ಏನೋ ಮೆತ್ತಗೆ ಜಾರಿತು. ಮತ್ತೊಂದು ಎಳೆ ಹಿಡಿದೆ. ಅದೂ ಹಾಗೆಯೇ. ಚಮಕಾ ಹಾಗೆ ಜಾರುವುದಿಲ್ಲ, ಅದು ತಣ್ಣಗೆ, ಒರಟಾಗಿ ಓಡುತ್ತದೆ.

“ಏ ದಾನಮ್ಮಾ, ಇದು ಖರೆ ರೇಷ್ಮಿ ಐತಲ್ಲ!” ಎಂದು ಕೂಗಿದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸುಳ್ಳು ಸಿಕ್ಕಿಬಿದ್ದ ನಾಚಿಕೆ ಒಂದಿಷ್ಟಾದರೂ ಬೇಡವೇ? “ಗೊತ್ತಾತೇನ್ರಿ? ಕೈಗೆ ಗೊತ್ತಾತೇನ್ರಿ?” ಎಂದು ಕೇಳುತ್ತ ಅಳತೊಡಗಿದಳು. ಅದು ಸಂಧ್ಯಾಳ ಮದುವೆ ಸೀರೆಗೆಂದು ಅವಳು ಎತ್ತಿಟ್ಟಿದ್ದ ರೇಷ್ಮೆ. ಅದನ್ನು ನಾನು ತಿಂಗಳುಗಟ್ಟಲೆ ಹರಿದು ಚೆಲ್ಲಾಪಿಲ್ಲಿ ಮಾಡಿದ್ದೆ.

“ಹುಚ್ಚೀ, ಚಮಕಾನ ಕೊಡಬಾರದಿತ್ತೇನು?” ಎಂದೆ.

“ನಿಮ್ಮ ಕೈಗೆ ಚಮಕಾ ಮೊದ್ಲಿಂದ ಆಗೂದಿಲ್ಲ. ಬರೂದಾದ್ರ ಅದು ರೇಷ್ಮಿಗೇ ಬರತೈತಿ ಅಂತ ನಂಗ ಗೊತ್ತಿತ್ತು. ರೇಷ್ಮಿ ಅಂತ ಹೇಳಿದ್ರ ನೀವು ಮುಟ್ಟತಿದ್ದಿಲ್ಲ.”

ಸಭಿಕರೇ, ನಾನೂ ಅತ್ತೆ. ಅದನ್ನು ಪರಿಚಯ ಪತ್ರದಲ್ಲಿ ಬರೆದಿಲ್ಲ.

ಮದುವೆಯಲ್ಲಿ ಅಕ್ಕಿಕಾಳು ಬಲಗೈಯಿಂದಲೇ ಹಾಕಿದೆ. ಮಗಳ ತಲೆಯ ಮೇಲೆ ಬಿದ್ದದ್ದು ಕಡಿಮೆ, ಭಟ್ಟರ ಮೇಲೆ ಹೆಚ್ಚು. ಬೀಗರ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಹರಿದೆ. ಎಲ್ಲರೂ ಕೈ ತೊಳೆದು ಎದ್ದು ಹೋದರೂ ನಾನು ಉಣ್ಣುತ್ತಲೇ ಇದ್ದೆ. ಉಳಿದ ರೇಷ್ಮೆಯಲ್ಲೇ ದಾನಮ್ಮ ನೇಯ್ದುಕೊಟ್ಟ ಸಂಧ್ಯಾಳ ಸೀರೆಯ ಅಂಚಿನ ಪಕ್ಕ ಉದ್ದಕ್ಕೂ ಒಂದು ಸಣ್ಣ ಗೀರಿದೆ, ಅಲ್ಲಿ ಎಳೆ ತಪ್ಪಿದೆ. ಅದು ನನ್ನ ಕೆಲಸ. ದಿನವೂ ಇಷ್ಟಿಷ್ಟೇ ದುಡಿಯಿರಿ ಎಂದು ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ದಿನವೂ ದುಡಿದವಳು ಮನೆಯಲ್ಲಿ ಮಗ್ಗದ ಮುಂದೆ ಕುಳಿತಿದ್ದಾಳೆ. ಕರೆದರೆ, “ಹಾಸು ಅರ್ಧಕ್ಕ ಐತಿ, ನೀವ ಹೋಗಿ ಬರ್ರಿ” ಎಂದಳು.

ಕೊನೆಯದಾಗಿ ಈ ಶಾಲಿನ ಮಾತು. ಹೊದಿಸುವಾಗ ಅಧ್ಯಕ್ಷರು ಮೈಕಿನಲ್ಲಿ “ಅಪ್ಪಟ ರೇಷ್ಮೆ ಶಾಲು” ಎಂದು ಘೋಷಿಸಿದರು. ಆಗಿನಿಂದ ಇದರ ಅಂಚು ನನ್ನ ಬಲಗೈ ಬೆರಳುಗಳ ನಡುವೆಯೇ ಇದೆ. ನಿಂಗಣ್ಣನವರೇ, ಬೇಸರ ಮಾಡಿಕೊಳ್ಳಬೇಡಿ. ಇದು ಚಮಕಾ.

ಮುಖ ಸಣ್ಣ ಮಾಡಬೇಡಿರಿ, ಅಂಗಡಿಯವನು ನಿಮಗೆ ಟೋಪಿ ಹಾಕಿದ್ದಾನೆ ಅಷ್ಟೇ. ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಿಲ್ಲ. ಮನೆಗೆ ಹೋಗಿ ದಾನಮ್ಮನಿಗೆ ಹೇಳಬೇಕು, ಎಲ್ಲರ ಮುಂದೆ ಕೈಗೆ ಗೊತ್ತಾಯಿತು ಎಂದು. ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನನ್ನ ಧನ್ಯವಾದ. ಇಗೋ, ಎರಡೂ ಕೈ ಜೋಡಿಸಿ ನಮಸ್ಕಾರ.