ನಿಂತು ಇಳಿದವಳು

ಹೊಸಪೇಟೆಯ ಮೂಳೆ ಡಾಕ್ಟರ ಬಳಿ ಮೊಣಕಾಲು ತೋರಿಸಲು ಬಂದಿದ್ದ ಜಂಬಮ್ಮ, ಮನೆ ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯುವವಳು. ಎದುರಿನ ಬೆಂಚಿನಲ್ಲಿದ್ದ ಸಂಡೂರಿನ ಇಬ್ಬರು ಹುಡುಗಿಯರು ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯಲು ಕಲಿಯುತ್ತಿದ್ದಾರೆಂದು ತಿಳಿದಾಗಿನಿಂದ ಅವಳ ಕಿವಿ ಅಲ್ಲೇ ಇತ್ತು. ರಮಾಳ ಕಾಲಿಗೆ ಪ್ಲಾಸ್ಟರ್. ಗೆಳತಿ ಶೈಲಶ್ರೀಗೆ ಏನೂ ಆಗಿರಲಿಲ್ಲ, ಮುಖ ಮಾತ್ರ ಸಿಟ್ಟಿಗೆ ಊದಿಕೊಂಡಿತ್ತು.

“ಕಾಲು ಮುರ್ಕೊಂಡಾಕಿ ನೀನು. ಓಣಿ ಮಂದಿಯೆಲ್ಲ ಸೇಬು ಹಿಡ್ಕೊಂಡು ನಿಮ್ಮನಿಗೇ ಬರಾಕತ್ತಾರ. ನೆಟ್ಟಗ ಇಳಿದ ನನ್ನ ಯಾರು ಕೇಳ್ತಾರ?” ಎಂದಳು ಶೈಲಶ್ರೀ.

“ಅವತ್ತು ಚಪ್ಪಾಳಿ ಹೊಡಿಸ್ಕೊಂಡಾಕಿ ನೀನೇ ಅಲ್ಲೇನು?”

“ಕಾಲು ಜೋಡಿಸಿ ಇಳೀರಿ, ನೆಲ ಮುಟ್ಟಿದ ಕೂಡ್ಲೇ ಉರುಳ್ರಿ ಅಂತ ಸರ್ ಬಾಯಿ ಬಡ್ಕೊಂಡಿದ್ರು. ನೀ ಯಾಕ ಉರುಳಲಿಲ್ಲ?”

“ನನಗಿಂತ ಮೊದಲು ಇಳಿದು ನೀ ಕಂಬದಂಗ ನಿಂತಿದ್ದಿ. ಎಲ್ಲಾರೂ ನಿನ್ನೇ ನೋಡಾಕತ್ತಿದ್ರು. ಮ್ಯಾಲಿಂದ ನೋಡಿ ನನ್ನ ಹೊಟ್ಟಿ ಉರೀತು. ನಾನೂ ನಿಂತೇ ಇಳೀಬೇಕಂತ ಕಾಲು ಮುಂದ ಚಾಚಿದೆ.”

ಒಳಗಿನಿಂದ ನರ್ಸ್ ರಮಾಳ ಹೆಸರು ಕೂಗಿದಳು. ಶೈಲಶ್ರೀ ಗೆಳತಿಯ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲು ದಾಟುವಾಗ ಅವಳು ಮೆಲ್ಲಗೆ ಹೇಳಿದ್ದು ಜಂಬಮ್ಮನಿಗೂ ಕೇಳಿಸಿತು:

“ನಾ ಬೇಕಂತ ನಿಂತಿದ್ದಲ್ಲಲೇ, ರಮಾ. ಹೆದರಿಕಿಗೆ ಉರುಳೋದನ್ನೇ ಮರ್ತಿದ್ದೆ.”